ಮಡಿಕೇರಿಯ ಗಾಳಿಗೆ 370 ಅಂದ ಸೆನ್ಸರ್

ಮಳೆ ಹಿಡಿಯುವ ಮುಂಚೆ, ಮೇ ತಿಂಗಳ ಕೊನೆಯಲ್ಲಿ, ಒಂದು ಪುಟ್ಟ ಕಾರ್ಬನ್ ಡೈಆಕ್ಸೈಡ್ ಸೆನ್ಸರ್ ತರಿಸಿದೆ. ಒಂದು ಸೆಂಟಿಮೀಟರ್ ಚೌಕದ ಬಿಳಿ ಡಬ್ಬಿ, ಅದರಿಂದ ನಾಲ್ಕು ವೈರು. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿಗೆ ಸಿಕ್ಕಿಸಿ ಜಗಲಿಯ ಮೇಲಿಟ್ಟೆ. ಮಧ್ಯಾಹ್ನದ ಹೊತ್ತು, ಒಳ್ಳೆ ಗಾಳಿ ಬೀಸುತ್ತಿತ್ತು. ಪರದೆಯ ಮೇಲೆ ಐದು ಸೆಕೆಂಡಿಗೊಂದು ಅಂಕಿ ಬರತೊಡಗಿತು: 371, 368, 370, 370.

ನನಗೆ ಅಲ್ಲೇ ಅನುಮಾನ ಬಂತು. ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ 1958ರಿಂದ ಗಾಳಿಯ ಕಾರ್ಬನ್ ಡೈಆಕ್ಸೈಡ್ ಅಳೆಯುತ್ತಾ ಬಂದಿದ್ದಾರೆ. ಶುರುವಿನಲ್ಲಿ ಅದು ಸುಮಾರು 315 ಪಿಪಿಎಂ ಇತ್ತು. 2024ರ ಸರಾಸರಿ ಸುಮಾರು 424. ಪಿಪಿಎಂ ಅಂದರೆ ಹತ್ತು ಲಕ್ಷದಲ್ಲಿ ಎಷ್ಟು ಎಂಬ ಲೆಕ್ಕ. ಗಾಳಿಯ ಹತ್ತು ಲಕ್ಷ ಕಣಗಳನ್ನು ಹೆಕ್ಕಿದರೆ ಅದರಲ್ಲಿ 424 ಕಣ ಕಾರ್ಬನ್ ಡೈಆಕ್ಸೈಡ್. ಮೌನಾ ಲೋವಾದಲ್ಲಿ 370 ಇದ್ದದ್ದು 2000ನೇ ಇಸವಿಯ ಆಸುಪಾಸಿನಲ್ಲಿ. ಹಾಗಾದರೆ ನಮ್ಮ ಜಗಲಿಯಲ್ಲಿ ಇಪ್ಪತ್ತೈದು ವರ್ಷ ಹಳೆಯ ಗಾಳಿ ಬೀಸುತ್ತಿದೆಯೇ? ಸಾಧ್ಯವಿಲ್ಲ. ಕಾಫಿ ತೋಟದ ನಡುವೆ ಇದ್ದೇವೆ, ಸುತ್ತ ಮರಗಳಿವೆ, ಅದಕ್ಕೇ ಕಡಿಮೆ ಇರಬಹುದು ಅಂತ ಮನೆಯವರು ಹೇಳಿದರು. ಹಗಲಲ್ಲಿ ಎಲೆಗಳು ಸ್ವಲ್ಪ ಎಳೆದುಕೊಳ್ಳುವುದು ನಿಜ. ಆದರೆ ಗಾಳಿ ಬೀಸುವಾಗ ಅದು ಕೆಲವೇ ಅಂಕಿಗಳ ವ್ಯತ್ಯಾಸ. ಐವತ್ತಕ್ಕೂ ಮೇಲೆ ತಗ್ಗುವುದಿಲ್ಲ.

ಸೆನ್ಸರ್ ಕೆಟ್ಟಿದೆ ಅಂತ ವಾಪಸ್ ಕಳಿಸುವವನಿದ್ದೆ. ಕಳಿಸದೆ ಇದ್ದದ್ದು ಒಳ್ಳೆಯದಾಯಿತು. ಆ 370 ಯಾಕೆ ಬಂತು ಅಂತ ಹುಡುಕುತ್ತಾ ಹೋದಾಗಲೇ ಈ ಇಡೀ ವ್ಯವಸ್ಥೆ ನನಗೆ ಅರ್ಥವಾಯಿತು. ಸೆನ್ಸರ್ ಏನು ಅಳೆಯುತ್ತದೆ, ಕಂಪ್ಯೂಟರಿಗೆ ಏನು ಹೇಳುತ್ತದೆ, ನಡುವೆ ಕೂತ ಕಮಾಂಡ್ ಲೈನ್ ಸಾಧನ (ಟೈಪ್ ಮಾಡಿ ಓಡಿಸುವ ನನ್ನ ಚಿಕ್ಕ ಪ್ರೋಗ್ರಾಂ) ಏನು ಮಾಡಬೇಕು, ಇವೆಲ್ಲ.

ಡಬ್ಬಿಯೊಳಗೆ ಒಂದು ಬೆಳಕು, ಒಂದು ಕಿವಿ

ನನ್ನದು ಸ್ವಿಟ್ಜರ್ಲೆಂಡಿನ ಸೆನ್ಸಿರಿಯನ್ ಕಂಪನಿಯ ಎಸ್‌ಸಿಡಿ 41. ಕಾರ್ಬನ್ ಡೈಆಕ್ಸೈಡ್‌ಗೆ ಒಂದು ಗುಣವಿದೆ. ಕಣ್ಣಿಗೆ ಕಾಣುವ ಬೆಳಕನ್ನು ಅದು ಸುಮ್ನೆ ಬಿಟ್ಟುಬಿಡುತ್ತದೆ. ಆದರೆ ಕೆಂಪಿನಾಚೆಯ, ಅಂದರೆ ಇನ್‌ಫ್ರಾರೆಡ್ ಬೆಳಕಿನಲ್ಲಿ, ಸುಮಾರು 4.26 ಮೈಕ್ರೋಮೀಟರ್ ಅಲೆಯನ್ನು ಗಟ್ಟಿಯಾಗಿ ಹೀರಿಕೊಳ್ಳುತ್ತದೆ. ಭೂಮಿ ಬಿಸಿಯಾಗುತ್ತಿರುವುದರ ಹಿಂದೆ ಇರುವುದೂ ಇದೇ ರೀತಿ ಶಾಖ ಹೀರುವ ಗುಣ.

ಹಳೆಯ ಬಗೆಯ ಸೆನ್ಸರ್‌ಗಳಲ್ಲಿ ಒಂದು ತುದಿಯಲ್ಲಿ ದೀಪ, ಇನ್ನೊಂದು ತುದಿಯಲ್ಲಿ ಕಣ್ಣು. ದಾರಿಯಲ್ಲಿ ಎಷ್ಟು ಬೆಳಕು ಕಡಿಮೆಯಾಯಿತು ಅಂತ ನೋಡುತ್ತವೆ. ಎಸ್‌ಸಿಡಿ 41ರ ದಾರಿ ಬೇರೆ, ನನಗಂತೂ ತುಂಬಾ ಇಷ್ಟವಾದದ್ದು. ಅದು ನೋಡುವುದಿಲ್ಲ, ಕೇಳಿಸಿಕೊಳ್ಳುತ್ತದೆ. ದೀಪ ಬಿಟ್ಟು ಬಿಟ್ಟು ಹೊತ್ತುತ್ತದೆ. ಹೊತ್ತಿದಾಗ ಕಣಗಳು ಬೆಳಕು ಹೀರಿ ಬಿಸಿಯಾಗುತ್ತವೆ, ಗಾಳಿ ಹಿಗ್ಗುತ್ತದೆ. ಆರಿದಾಗ ಕುಗ್ಗುತ್ತದೆ. ಹಿಗ್ಗುವುದು ಕುಗ್ಗುವುದು ಅಂದರೆ ಶಬ್ದವೇ ತಾನೆ? ಒಳಗಿರುವ ಪುಟಾಣಿ ಮೈಕ್ ಆ ಶಬ್ದ ಹಿಡಿಯುತ್ತದೆ. ಕಣ ಜಾಸ್ತಿ ಇದ್ದರೆ ಶಬ್ದ ಜೋರು. ಬೆಳಕಿನಿಂದ ಶಬ್ದ ಹುಟ್ಟುವುದನ್ನು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ 1880ರಲ್ಲೇ ಕಂಡುಕೊಂಡಿದ್ದರು. ಈಗ ಅದು ಉಗುರಿನಷ್ಟು ಜಾಗದಲ್ಲಿ ಕೂತಿದೆ.

ಇಲ್ಲೇ ನನ್ನ 370ರ ಗುಟ್ಟು ಇರುವುದು. ಮೈಕ್‌ಗೆ ಕೇಳಿಸುವುದು ಡಬ್ಬಿಯೊಳಗೆ ಎಷ್ಟು ಕಾರ್ಬನ್ ಡೈಆಕ್ಸೈಡ್ ಕಣ ಇದೆ ಎಂಬುದು. ನಮಗೆ ಬೇಕಾದದ್ದು ಹತ್ತು ಲಕ್ಷಕ್ಕೆ ಎಷ್ಟು ಎಂಬ ಪಾಲು. ಎರಡೂ ಒಂದೇ ಅಲ್ಲ.

ಕಾಫಿ ಬೀಜದಲ್ಲಿ ಹೇಳುತ್ತೇನೆ. ಒಂದು ಹಣ್ಣಿನಲ್ಲಿ ಸಾಮಾನ್ಯವಾಗಿ ಎರಡು ಚಪ್ಪಟೆ ಬೀಜ. ಅಪರೂಪಕ್ಕೆ ಒಂದೇ ದುಂಡು ಬೀಜ, ಪೀಬೆರಿ. ನಿಮ್ಮ ರಾಶಿಯಲ್ಲಿ ನೂರಕ್ಕೆ ಹತ್ತು ಪೀಬೆರಿ ಇದೆ ಅಂದುಕೊಳ್ಳಿ. ಒಂದು ಸೇರಿನ ತುಂಬ ಬೀಜ ತುಂಬಿ ಪೀಬೆರಿ ಎಣಿಸಿದರೆ ಒಂದು ಲೆಕ್ಕ ಸಿಗುತ್ತದೆ. ಸೇರು ಮುಕ್ಕಾಲು ಮಾತ್ರ ತುಂಬಿದ್ದರೆ ಪೀಬೆರಿಯೂ ಮುಕ್ಕಾಲೇ ಸಿಗುತ್ತದೆ. ರಾಶಿಯಲ್ಲಿನ ಪಾಲು ಬದಲಾಗಿಲ್ಲ, ನೂರಕ್ಕೆ ಹತ್ತೇ. ಆದರೆ ಪೀಬೆರಿ ಮಾತ್ರ ಎಣಿಸಿ, ಸೇರು ತುಂಬಿತ್ತು ಅಂತ ನಂಬಿಕೊಂಡವರು ನೂರಕ್ಕೆ ಏಳೂವರೆ ಅಂತ ಬರೆದುಕೊಳ್ಳುತ್ತಾರೆ.

ಸೆನ್ಸರ್ ಮಾಡಿದ್ದು ಅದನ್ನೇ. ತಾನು ಸಮುದ್ರದ ಮಟ್ಟದಲ್ಲಿದ್ದೇನೆ, ಸೇರು ತುಂಬಿದೆ ಅಂತ ಅದು ನಂಬಿಕೊಂಡಿರುತ್ತದೆ. ಕಾರ್ಖಾನೆಯಿಂದ ಬರುವಾಗ ಅದರ ನೆನಪಿನಲ್ಲಿ ಎತ್ತರ ಸೊನ್ನೆ. ಮಂಗಳೂರಲ್ಲಿ ಇಟ್ಟಿದ್ದರೆ ಏನೂ ತೊಂದರೆ ಇರಲಿಲ್ಲ. ಮಡಿಕೇರಿ ಸುಮಾರು 1170 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಸುಮಾರು 880 ಹೆಕ್ಟೋಪಾಸ್ಕಲ್, ಸಮುದ್ರದ ಮಟ್ಟದಲ್ಲಿ 1013. ನೂರಕ್ಕೆ ಹದಿಮೂರರಷ್ಟು ಕಡಿಮೆ, ಅಂದರೆ ಡಬ್ಬಿಯೊಳಗಿನ ಕಣಗಳೂ ಅಷ್ಟೇ ಕಡಿಮೆ. ಇಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುವುದಕ್ಕೂ ಇದೇ ಕಾರಣ. ಈಗ 425ರಲ್ಲಿ ನೂರಕ್ಕೆ ಹದಿಮೂರು ಕಳೆಯಿರಿ. 370. ಸೆನ್ಸರ್ ಕೆಟ್ಟಿರಲಿಲ್ಲ. ತಾನು ಎಲ್ಲಿದ್ದೇನೆ ಅಂತ ಅದಕ್ಕೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಸಂಜೆ ಆ ಲೆಕ್ಕ ಕಾಗದದ ಮೇಲೆ ಕೂಡಿ ಬಂದಾಗ ಆದ ಖುಷಿ ದೊಡ್ಡದು.

ಒಂಬತ್ತು ಅಂಕಿಗಳ ಮಾತು

ಎತ್ತರ ಹೇಳಬೇಕು ಅಂದರೆ ಸೆನ್ಸರ್ ಜೊತೆ ಮಾತಾಡಬೇಕು. ಅದರ ಭಾಷೆ ತುಂಬಾ ಚಿಕ್ಕದು.

ನಾಲ್ಕು ವೈರುಗಳಲ್ಲಿ ಎರಡು ಕರೆಂಟಿಗೆ. ಉಳಿದ ಎರಡರಲ್ಲಿ ಮಾತು ಹರಿಯುತ್ತದೆ, ಒಂದರಲ್ಲಿ ತಾಳ, ಇನ್ನೊಂದರಲ್ಲಿ ಅಕ್ಷರ. ಈ ಪದ್ಧತಿಗೆ ಐ ಟೂ ಸಿ ಅನ್ನುತ್ತಾರೆ, ಫಿಲಿಪ್ಸ್ ಕಂಪನಿಯವರು 1980ರ ದಶಕದಲ್ಲಿ ರೂಪಿಸಿದ್ದು. ಒಂದೇ ಜೋಡಿ ವೈರಿಗೆ ಹಲವು ಸಾಧನ ಸಿಕ್ಕಿಸಬಹುದು, ಹಾಗಾಗಿ ಪ್ರತಿಯೊಂದಕ್ಕೂ ಒಂದು ಮನೆ ನಂಬರು. ಎಸ್‌ಸಿಡಿ 41ರ ನಂಬರು 98. ಟರ್ಮಿನಲ್ಲಿನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡುವ ಕಪ್ಪು ಪರದೆಯಲ್ಲಿ, ಹುಡುಕಿದರೆ 62 ಅಂತ ಕಾಣುತ್ತದೆ, ಗಾಬರಿ ಬೇಡ. ಅದು ಹದಿನಾರರ ಲೆಕ್ಕದ 62. ಆರು ಹದಿನಾರಲೆ ತೊಂಬತ್ತಾರು, ಅದಕ್ಕೆ ಎರಡು ಸೇರಿದರೆ 98. ಇಲ್ಲಿ ನಾನು ಎಲ್ಲವನ್ನೂ ನಮ್ಮ ಹತ್ತರ ಲೆಕ್ಕದಲ್ಲೇ ಬರೆಯುತ್ತೇನೆ.

98ನೇ ಮನೆಗೆ 33, 177 ಎಂಬ ಎರಡು ಅಂಕಿ ಕಳಿಸಿದರೆ "ಅಳೆಯಲು ಶುರು ಮಾಡು" ಅಂತ ಅರ್ಥ. ಅಲ್ಲಿಂದ ಐದು ಸೆಕೆಂಡಿಗೊಮ್ಮೆ ಅದರ ಹತ್ತಿರ ಹೊಸ ಉತ್ತರ ತಯಾರಾಗಿರುತ್ತದೆ. 236, 5 ಕಳಿಸಿದರೆ "ಅಳೆದದ್ದು ಕೊಡು" ಅಂತ. ಆಗ ಒಂಬತ್ತು ಅಂಕಿ ವಾಪಸ್ ಬರುತ್ತವೆ. ಉದಾಹರಣೆಗೆ ಹೀಗೆ:

1, 244, 51, 102, 103, 162, 94, 185, 60

ಮೂರು ಮೂರಾಗಿ ಒಡೆಯಿರಿ. ಮೊದಲ ಮೂರು ಕಾರ್ಬನ್ ಡೈಆಕ್ಸೈಡ್, ಮುಂದಿನ ಮೂರು ಉಷ್ಣತೆ, ಕೊನೆಯ ಮೂರು ತೇವ. ಪ್ರತಿ ಮೂರರಲ್ಲಿ ಮೊದಲ ಎರಡು ವಿಷಯ, ಮೂರನೆಯದು ತಾಳೆ ನೋಡುವ ಅಂಕಿ.

ಒಂದೊಂದು ಅಂಕಿ 0ರಿಂದ 255ರವರೆಗೆ ಮಾತ್ರ ಹೋಗಬಲ್ಲದು, ಒಂದು ಬೈಟ್‌ಗೆ ಅಷ್ಟೇ ಜಾಗ. ದೊಡ್ಡ ಸಂಖ್ಯೆ ಬೇಕಾದರೆ ಎರಡು ಬೈಟ್ ಸೇರಿಸುತ್ತಾರೆ. ಮೊದಲನೆಯದನ್ನು 256ರಿಂದ ಗುಣಿಸಿ ಎರಡನೆಯದನ್ನು ಕೂಡುವುದು. 1 ಮತ್ತು 244 ಅಂದರೆ 256 ಕೂಡಿಸು 244, ಒಟ್ಟು 500. ಅಂದರೆ 500 ಪಿಪಿಎಂ. ಮುಗಿಯಿತು, ಬೇರೆ ಸೂತ್ರವೇ ಬೇಡ.

ಉಷ್ಣತೆಗೆ ಒಂದು ಹೆಜ್ಜೆ ಜಾಸ್ತಿ. 102 ಮತ್ತು 103 ಸೇರಿದರೆ 26215. ಇದನ್ನು 65535ರಿಂದ ಭಾಗಿಸಿ, 175ರಿಂದ ಗುಣಿಸಿ, 45 ಕಳೆಯಬೇಕು. 25 ಡಿಗ್ರಿ ಬರುತ್ತದೆ. ಎರಡು ಬೈಟಿನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 65535. ಮೈನಸ್ 45ರಿಂದ 130 ಡಿಗ್ರಿವರೆಗಿನ ಇಡೀ ಅಳತೆಪಟ್ಟಿಯನ್ನು ಅಷ್ಟು ಭಾಗವಾಗಿ ಸಣ್ಣಗೆ ಹೆಚ್ಚಿದ್ದಾರೆ, ಅದಕ್ಕೇ ಈ ಸೂತ್ರ. ತೇವಕ್ಕೆ ಇನ್ನೂ ಸುಲಭ. 94 ಮತ್ತು 185 ಸೇರಿ 24249, ಅದನ್ನು 65535ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇಕಡ 37. ನಮ್ಮಲ್ಲಿ ಜುಲೈ ತಿಂಗಳಲ್ಲಿ ಆ 37 ಯಾರೂ ಕಾಣುವುದಿಲ್ಲ, ಬಿಡಿ.

ಇನ್ನು ಆ 51, 162, 60. ವೈರು ಉದ್ದವಾಗಿದ್ದರೆ, ಪಕ್ಕದಲ್ಲಿ ಮೋಟರ್ ಓಡುತ್ತಿದ್ದರೆ ಅಂಕಿಗಳು ದಾರಿಯಲ್ಲಿ ಕೆಡಬಹುದು. 244 ಹೊರಟು 116 ಆಗಿ ತಲುಪಬಹುದು. ಅದಕ್ಕೆ ಸೆನ್ಸರ್ ಎರಡು ಅಂಕಿಗಳನ್ನು ಒಂದು ಗೊತ್ತಾದ ಕ್ರಮದಲ್ಲಿ ಮಸೆದು ಮೂರನೆಯದನ್ನು ಹುಟ್ಟಿಸಿ ಜೊತೆಗೆ ಕಳಿಸುತ್ತದೆ. ನಮ್ಮ ಸಾಧನವೂ ಅದೇ ಕ್ರಮದಲ್ಲಿ ಮಸೆದು ನೋಡುತ್ತದೆ. 1 ಮತ್ತು 244ಕ್ಕೆ 51 ಬಂದರೆ ಸರಿ. ಬರದಿದ್ದರೆ ಆ ಓದನ್ನು ಎಸೆದು ಮತ್ತೆ ಕೇಳಬೇಕು. ಇದಕ್ಕೆ ಸಿಆರ್‌ಸಿ ಅನ್ನುತ್ತಾರೆ. ಮೊದಲು ನಾನು ಇದನ್ನು ಬಿಟ್ಟು ಬರೆದಿದ್ದೆ. ಒಂದು ರಾತ್ರಿ ಫೈಲಿನಲ್ಲಿ ಎಲ್ಲ ಸಾಲು ಆರುನೂರರ ಆಸುಪಾಸಿನಲ್ಲಿರುವಾಗ ಒಂದೇ ಒಂದು ಸಾಲು 33,000 ಅಂತ ಇತ್ತು. ಮಾರನೇ ದಿನವೇ ತಾಳೆ ನೋಡುವ ಭಾಗ ಸೇರಿಸಿದೆ. ಆಮೇಲೆ ಅಂಥ ಸಾಲು ಬಂದಿಲ್ಲ.

ಕಮಾಂಡ್ ಲೈನ್ ಯಾಕೆ ಬೇಕು

ಇಷ್ಟೆಲ್ಲ ಮಾಡುವುದಕ್ಕೆ ಮೊಬೈಲ್ ಆ್ಯಪ್ ಇಲ್ಲವೇ ಅಂತ ಕೇಳುವವರಿದ್ದಾರೆ. ಇದೆ. ಬಣ್ಣಬಣ್ಣದ ಗ್ರಾಫ್ ತೋರಿಸುತ್ತವೆ. ಆದರೆ ಆ್ಯಪ್ ತೋರಿಸಿದ್ದನ್ನಷ್ಟೇ ನಾವು ನೋಡಬಹುದು. ಕಮಾಂಡ್ ಲೈನ್ ಸಾಧನ ಅಂದರೆ ಕಪ್ಪು ಪರದೆಯ ಮೇಲೆ ಹೆಸರು ಟೈಪ್ ಮಾಡಿ ಓಡಿಸುವ ಒಂದು ಚಿಕ್ಕ ಪ್ರೋಗ್ರಾಂ. ಅದು ಒಂದೇ ಕೆಲಸ ಮಾಡುತ್ತದೆ. ಸೆನ್ಸರ್ ಓದಿ ಒಂದು ಸಾಲು ಬರೆಯುತ್ತದೆ:

2025-07-14 06:10:05   1184   22.4   88.1

ಹೊತ್ತು, ಪಿಪಿಎಂ, ಉಷ್ಣತೆ, ತೇವ. ಹೆಸರಿಲ್ಲ, ಅಲಂಕಾರವಿಲ್ಲ. ಈ ಬೋಳುತನವೇ ಅದರ ಶಕ್ತಿ. ಸಾಲನ್ನು ಪರದೆಗೆ ಬಿಡಬಹುದು. ಫೈಲಿಗೆ ತಿರುಗಿಸಬಹುದು. ಪೈಪ್ ಗುರುತು ಹಾಕಿ ಇನ್ನೊಂದು ಪ್ರೋಗ್ರಾಮಿಗೆ ಹರಿಸಬಹುದು, ತೋಟದಲ್ಲಿ ಒಂದು ಪೈಪಿನ ತುದಿಗೆ ಇನ್ನೊಂದು ಪೈಪ್ ಕೂಡಿಸಿ ನೀರು ಹರಿಸಿದ ಹಾಗೆ. ಆಕ್ ಎಂಬ ಹಳೆಯ ಸಾಧನವಿದೆ, 1977ರಷ್ಟು ಹಿಂದಿನದು. ಅದಕ್ಕೆ ಈ ಸಾಲುಗಳನ್ನು ಹರಿಸಿ "1200 ದಾಟಿದ ಸಾಲು ಮಾತ್ರ ತೋರಿಸು" ಅಂದರೆ ಒಂದು ತಿಂಗಳ ಫೈಲು ಕಣ್ಣು ಮಿಟುಕಿಸುವಷ್ಟರಲ್ಲಿ ಜಾಲಿಸಿ ಕೊಡುತ್ತದೆ. ಸೆನ್ಸರ್ ಓದುವ ಪ್ರೋಗ್ರಾಮಿಗೆ ಜಾಲಿಸುವುದು ಗೊತ್ತಿರಬೇಕಿಲ್ಲ. ಜಾಲಿಸುವುದಕ್ಕೆ ಸೆನ್ಸರ್ ಗೊತ್ತಿರಬೇಕಿಲ್ಲ.

ಹಾಗಾಗಿ ಒಂದು ಶಿಸ್ತು ಬೇಕು. "ಸೆನ್ಸರ್ ಸಿಗಲಿಲ್ಲ", "ತಾಳೆ ಬರಲಿಲ್ಲ" ಎಂಬಂಥ ದೂರುಗಳು ಅಳತೆಯ ಸಾಲುಗಳ ಜೊತೆ ಬೆರೆಯಬಾರದು. ಯೂನಿಕ್ಸ್ ಎಂಬ ಹಳೆಯ ಕಂಪ್ಯೂಟರ್ ವ್ಯವಸ್ಥೆಯ ಕಾಲದಿಂದ ಇದಕ್ಕೆ ಎರಡು ಬೇರೆ ಬೇರೆ ಕಾಲುವೆಗಳಿವೆ, ಒಂದು ಉತ್ತರಕ್ಕೆ, ಒಂದು ದೂರಿಗೆ. ದೂರನ್ನು ಎರಡನೆಯದರಲ್ಲಿ ಬಿಟ್ಟರೆ ಫೈಲು ಶುದ್ಧವಾಗಿರುತ್ತದೆ, ದೂರು ಪರದೆಯ ಮೇಲೆ ಕಾಣುತ್ತದೆ.

ಇನ್ನೊಂದು ವಿಷಯ ಗೊತ್ತಾಗಲು ನನಗೆ ಎರಡು ದಿನ ಹಿಡಿಯಿತು. ಪರದೆಯ ಮೇಲೆ ಐದು ಸೆಕೆಂಡಿಗೊಮ್ಮೆ ಬರುತ್ತಿದ್ದ ಸಾಲು, ಫೈಲಿಗೆ ತಿರುಗಿಸಿದರೆ ಬರುತ್ತಲೇ ಇರಲಿಲ್ಲ. ಫೈಲು ಖಾಲಿ. ಸುಮಾರು ಇಪ್ಪತ್ತು ನಿಮಿಷ ಆದ ಮೇಲೆ ಇನ್ನೂರಕ್ಕೂ ಮಿಕ್ಕಿ ಸಾಲು ಒಟ್ಟಿಗೆ ಬಂದು ಬಿದ್ದವು. ಕಾರಣ ಇಷ್ಟೇ. ನಾನು ಪ್ರೋಗ್ರಾಂ ಬರೆದದ್ದು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ. ಮನುಷ್ಯ ನೋಡುತ್ತಿದ್ದಾನೆ ಅಂದರೆ ಅದು ಸಾಲು ಸಾಲಾಗಿ ಕಳಿಸುತ್ತದೆ. ಫೈಲಿಗೆ ಹೋಗುತ್ತಿದೆ ಅಂದರೆ ಮಡಿಲಲ್ಲಿ ಸುಮಾರು 8000 ಅಕ್ಷರ ತುಂಬುವವರೆಗೆ ಇಟ್ಟುಕೊಂಡು ಒಮ್ಮೆಲೆ ಸುರಿಯುತ್ತದೆ. ಬೇರೆ ಊರಿನಲ್ಲಿ ಇದು ಚಿಕ್ಕ ತೊಂದರೆ. ನಮ್ಮಲ್ಲಿ ಕರೆಂಟ್ ಹೋದರೆ ಮಡಿಲಲ್ಲಿದ್ದ ಇಪ್ಪತ್ತು ನಿಮಿಷದ ಅಳತೆ ಪೂರ್ತಿ ಹೋಗುತ್ತದೆ. ಪ್ರತಿ ಸಾಲಿನ ನಂತರ "ಈಗಲೇ ಬರೆ" ಅಂತ ಹೇಳುವ ಒಂದು ಪದ ಸೇರಿಸಿದೆ. ಸರಿಹೋಯಿತು.

ಎತ್ತರ ಹೇಳಿದೆ, ಮಳೆ ಮರೆಸಿತು

ಈಗ ಮತ್ತೆ 370ಕ್ಕೆ ಬರೋಣ. ಎತ್ತರ ಹೇಳುವ ಆಜ್ಞೆ 36, 39. ಅದರ ಹಿಂದೆ ಎತ್ತರವನ್ನು ಎರಡು ಬೈಟಿನಲ್ಲಿ ಕಳಿಸಬೇಕು. 1170 ಅಂದರೆ ನಾಲ್ಕು 256 ಮತ್ತು 146. ತಾಳೆಯ ಅಂಕಿ 89. ಹಾಗಾಗಿ 36, 39, 4, 146, 89.

ಕಳಿಸಿದೆ. ಸೆನ್ಸರ್ ಒಪ್ಪಲಿಲ್ಲ. ಅಳತೆ ನಡೆಯುತ್ತಿರುವಾಗ ಅದು ಇಂಥ ಮಾತು ಕೇಳುವುದಿಲ್ಲ. ಮೊದಲು 63, 134 ಕಳಿಸಿ ಅಳೆಯುವುದನ್ನು ನಿಲ್ಲಿಸಬೇಕು, ಅರ್ಧ ಸೆಕೆಂಡ್ ಕಾಯಬೇಕು, ಆಮೇಲೆ ಎತ್ತರ ಹೇಳಬೇಕು, ಮತ್ತೆ ಶುರು ಮಾಡಬೇಕು. ನಮ್ಮ ಪ್ರೋಗ್ರಾಂ ನಿಂತರೂ ಸೆನ್ಸರ್ ತನ್ನ ಪಾಡಿಗೆ ಅಳೆಯುತ್ತಲೇ ಇರುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ಅದಕ್ಕೇ ಈಗ ನನ್ನ ಸಾಧನ ಎದ್ದ ಕೂಡಲೇ ಮಾಡುವ ಮೊದಲ ಕೆಲಸ, ಏನೇ ನಡೆಯುತ್ತಿರಲಿ, ನಿಲ್ಲಿಸುವುದು.

ಈ ಸಲ ಜಗಲಿಯಲ್ಲಿ 427, 424, 426. ನನ್ನ ಮಟ್ಟಿಗೆ ಅದು ಹಬ್ಬ.

ಮೂರು ದಿನ ಚೆನ್ನಾಗಿತ್ತು. ಜೂನ್ ಮೊದಲ ವಾರ ಮಳೆ ಹಿಡಿಯಿತು. ರಾತ್ರಿ ಎಲ್ಲೋ ಮರ ಬಿದ್ದು ಕರೆಂಟ್ ಹೋಯಿತು, ಬೆಳಗಿನ ಜಾವ ಬಂತು. ಪೈ ತಾನೇ ಎದ್ದು ಅಳೆಯಲು ಶುರು ಮಾಡಿತ್ತು. ಆದರೆ ಮಧ್ಯಾಹ್ನ ಹೊರಗಿಟ್ಟು ನೋಡಿದರೆ ಮತ್ತೆ 370.

ಎತ್ತರವನ್ನು ನಾನು ಒಂದೇ ಸಲ, ಕೈಯಿಂದ ಟೈಪ್ ಮಾಡಿ ಹೇಳಿದ್ದೆ. ಸೆನ್ಸರ್ ಅದನ್ನು ತಾತ್ಕಾಲಿಕ ನೆನಪಿನಲ್ಲಿ ಇಟ್ಟುಕೊಂಡಿತ್ತು. ಕರೆಂಟ್ ಹೋದರೆ ಆ ನೆನಪು ಅಳಿಯುತ್ತದೆ, ಎತ್ತರ ಮತ್ತೆ ಸೊನ್ನೆ. ಮಡಿಕೇರಿಯಲ್ಲಿ ಮಲಗಿದ ಸೆನ್ಸರ್ ಎದ್ದಾಗ ಮಂಗಳೂರಲ್ಲಿತ್ತು. ತಯಾರಕರ ಕೈಪಿಡಿಯಲ್ಲಿ ಇದನ್ನು ಸ್ಪಷ್ಟವಾಗಿಯೇ ಬರೆದಿದ್ದಾರೆ, ನಾನು ಓದಿರಲಿಲ್ಲ. ಅಳಿಸದಂತೆ ಬರೆದಿಡು ಅನ್ನುವ ಆಜ್ಞೆಯೂ ಇದೆ, 54, 21. ಆದರೆ ಆ ಶಾಶ್ವತ ನೆನಪಿಗೆ 2000 ಸಲ ಬರೆಯುವವರೆಗೆ ಮಾತ್ರ ಖಾತ್ರಿ ಕೊಡುತ್ತಾರೆ. ಪ್ರೋಗ್ರಾಂ ಶುರುವಾದಾಗಲೆಲ್ಲ ಬರೆಯುವಂತೆ ಮಾಡಿದರೆ, ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ಕರೆಂಟ್ ಹೋಗಿ ಬರುವ ನಮ್ಮ ಕಡೆ ಅದು ಬೇಗ ಸವೆಯುತ್ತದೆ.

ನನಗೆ ಸರಿ ಕಂಡದ್ದು ಬೇರೆ ದಾರಿ. ಎತ್ತರವನ್ನು ಸಾಧನಕ್ಕೇ ಒಂದು ಆಯ್ಕೆಯಾಗಿ ಕೊಡುವುದು. ಸಾಧನ ಎದ್ದಾಗಲೆಲ್ಲ ಸೆನ್ಸರನ್ನು ನಿಲ್ಲಿಸಿ, ತಾತ್ಕಾಲಿಕ ನೆನಪಿಗೆ ಎತ್ತರ ಹೇಳಿ, 35, 34 ಕಳಿಸಿ "ನಿನ್ನ ಎತ್ತರ ಎಷ್ಟು?" ಅಂತ ವಾಪಸ್ ಕೇಳಿ, ಉತ್ತರ 1170 ಬಂದರೆ ಮಾತ್ರ ಅಳೆಯಲು ಶುರು. ತಾತ್ಕಾಲಿಕ ನೆನಪು ಎಷ್ಟು ಸಲ ಬರೆದರೂ ಸವೆಯುವುದಿಲ್ಲ. ಎತ್ತರ ಕೊಡದೆ ಓಡಿಸಿದರೆ ನನ್ನ ಸಾಧನ ಅಳೆಯುವುದೇ ಇಲ್ಲ, ಊರಿನ ಎತ್ತರ ಹೇಳಿ ಅಂತ ಕೇಳಿ ನಿಂತುಬಿಡುತ್ತದೆ. ಸ್ನೇಹಿತರೊಬ್ಬರು ಇದು ಜಾಸ್ತಿ ಆಯಿತು ಅಂದರು. ಕೊಡಗಿಗೆ ಜಾಸ್ತಿಯಲ್ಲ. ಇಲ್ಲಿ ಒಂದು ಬೆಟ್ಟ ಇಳಿದು ಇನ್ನೊಂದು ಹತ್ತಿದರೆ ಮುನ್ನೂರು ಮೀಟರ್ ವ್ಯತ್ಯಾಸ. ಮಡಿಕೇರಿಯಿಂದ ಕುಶಾಲನಗರಕ್ಕೆ ಇಳಿದರೇ ಅಷ್ಟಾಗುತ್ತದೆ.

ಮುಚ್ಚಿದ ಕಿಟಕಿ ಮತ್ತು ತಾನೇ ತಿದ್ದಿಕೊಳ್ಳುವ ಸೆನ್ಸರ್

ಮಳೆಗಾಲಕ್ಕೆ ಸಂಬಂಧಿಸಿದ ಇನ್ನೊಂದು ಬಲೆ ಇದೆ. ಇಂಥ ಸೆನ್ಸರ್‌ಗಳು ವರ್ಷ ಕಳೆದಂತೆ ಮೆಲ್ಲಗೆ ಜಾರುತ್ತವೆ. ದೀಪ ಮಂಕಾಗುತ್ತದೆ, ಅಳತೆ ಆಚೀಚೆ ಆಗುತ್ತದೆ. ಇದನ್ನು ತಡೆಯಲು ಅವು ತಾವೇ ತಿದ್ದಿಕೊಳ್ಳುತ್ತವೆ. ತರ್ಕ ಸರಳ. ವಾರಕ್ಕೊಮ್ಮೆಯಾದರೂ ಈ ಕೋಣೆಗೆ ಹೊರಗಿನ ತಾಜಾ ಗಾಳಿ ಬಂದೇ ಬರುತ್ತದೆ, ಆ ವಾರದಲ್ಲಿ ಕಂಡ ಅತಿ ಕಡಿಮೆ ಅಂಕಿಯೇ ಹೊರಗಿನ ಗಾಳಿ, ಅದನ್ನು 400 ಅಂತ ಹಿಡಿಯೋಣ.

ಕಚೇರಿಗಳಲ್ಲಿ ಈ ತರ್ಕ ಸರಿ. ಭಾನುವಾರ ಯಾರೂ ಇರುವುದಿಲ್ಲ, ಒಳಗಿನ ಗಾಳಿ ಹೊರಗಿನದಕ್ಕೆ ಸಮವಾಗುತ್ತದೆ. ಜುಲೈನಲ್ಲಿ ಕೊಡಗಿನ ಮನೆ ನೆನಪಿಸಿಕೊಳ್ಳಿ. ವಾರಗಟ್ಟಲೆ ಬಿಡದ ಮಳೆ, ಮುಚ್ಚಿದ ಕಿಟಕಿ, ಮನೆ ತುಂಬ ಜನ. ಕೋಣೆಯ ಅಂಕಿ ಒಮ್ಮೆಯೂ 650ಕ್ಕಿಂತ ಕೆಳಗೆ ಇಳಿಯಲಿಲ್ಲ ಅಂದುಕೊಳ್ಳಿ. ಸೆನ್ಸರ್ ಆ 650ನ್ನೇ ತಾಜಾ ಗಾಳಿ ಅಂತ ತಿಳಿದು, ತನ್ನದೇ ತಪ್ಪಿರಬೇಕು ಅಂತ ಅಂಕಿಯನ್ನು ಕೆಳಗೆ ಎಳೆಯತೊಡಗುತ್ತದೆ. ಕೋಣೆಯ ಗಾಳಿ ಕೆಟ್ಟಷ್ಟೂ ಅಳತೆ ಚೆನ್ನಾಗಿ ಕಾಣುತ್ತದೆ. ಇದಕ್ಕಿಂತ ಕೆಟ್ಟ ತಪ್ಪು ಬೇರೆ ಇಲ್ಲ.

ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಈ ತಾನೇ ತಿದ್ದಿಕೊಳ್ಳುವುದನ್ನು ನಿಲ್ಲಿಸಿಬಿಡುತ್ತೇನೆ. ಅದಕ್ಕೂ ಆಜ್ಞೆ ಇದೆ, ಸಾಧನದಲ್ಲಿ ಒಂದು ಆಯ್ಕೆಯಾಗಿ ಇಟ್ಟಿದ್ದೇನೆ. ಬದಲಿಗೆ ತಿಂಗಳಿಗೊಮ್ಮೆ ಮಳೆ ಬಿಟ್ಟ ಮಧ್ಯಾಹ್ನ ಜಗಲಿಯಲ್ಲಿ ಇಟ್ಟು, ಅಂಕಿ ನೆಲೆ ನಿಂತ ಮೇಲೆ "ಇದು 425" ಅಂತ ನಾನೇ ಹೇಳುತ್ತೇನೆ. ಹೊತ್ತು ಮುಖ್ಯ. ತೋಟದ ಮನೆಯವರು ಬೆಳಗಿನ ಜಾವ ಇದನ್ನು ಮಾಡಬೇಡಿ. ರಾತ್ರಿಯಿಡೀ ಮಣ್ಣು, ಕೊಳೆಯುವ ಎಲೆ, ಮರಗಿಡ ಎಲ್ಲ ಕಾರ್ಬನ್ ಡೈಆಕ್ಸೈಡ್ ಬಿಡುತ್ತಿರುತ್ತವೆ. ಗಾಳಿಯಾಡದೆ ಮಂಜು ಕೂತಿದ್ದರೆ ಅದು ನೆಲದ ಹತ್ತಿರವೇ ನಿಲ್ಲುತ್ತದೆ. ಎತ್ತರ ಹೇಳುವುದು ಮೊದಲು, ಈ ತಿದ್ದುವಿಕೆ ಆಮೇಲೆ. ತಿರುಗಾಮುರುಗಾ ಮಾಡಿದರೆ ತಪ್ಪಿನ ಮೇಲೆ ತಪ್ಪು ಕೂರುತ್ತದೆ.

ಅಂಕಿ ಕೋಣೆಯ ಬಗ್ಗೆ ಏನು ಹೇಳುತ್ತದೆ

ನಾವು ಹೊರಬಿಡುವ ಉಸಿರಿನಲ್ಲಿ ಸುಮಾರು ನೂರಕ್ಕೆ ನಾಲ್ಕು ಪಾಲು ಕಾರ್ಬನ್ ಡೈಆಕ್ಸೈಡ್. ಅಂದರೆ 40,000 ಪಿಪಿಎಂ. ಕೋಣೆಯಲ್ಲಿ ಅಂಕಿ ಏರುತ್ತಿದೆ ಅಂದರೆ ಇನ್ನೊಬ್ಬರು ಬಿಟ್ಟ ಉಸಿರನ್ನೇ ನಾವು ಎಳೆದುಕೊಳ್ಳುತ್ತಿದ್ದೇವೆ ಅಂತ. ಉಸಿರಿನ ಜೊತೆ ನೆಗಡಿ, ಜ್ವರದ ವೈರಸ್ ಕೂಡ ಬರಬಹುದು. ಕೋವಿಡ್ ಕಾಲದಲ್ಲಿ ಈ ಸೆನ್ಸರ್‌ಗಳು ಹೆಸರು ಮಾಡಿದ್ದು ಅದಕ್ಕೇ. ಸಾವಿರದ ಆಸುಪಾಸಿನಲ್ಲಿ ಪ್ರಾಣಕ್ಕೇನೂ ಅಪಾಯವಿಲ್ಲ. ಗಾಳಿ ಸಾಕಷ್ಟು ಬದಲಾಗುತ್ತಿಲ್ಲ ಅನ್ನುವುದರ ಗುರುತು, ಅಷ್ಟೇ.

ಒಂದು ಲೆಕ್ಕ ಮಾಡೋಣ. ಹತ್ತಡಿ ಹನ್ನೆರಡಡಿ ಕೋಣೆ, ಎತ್ತರ ಹತ್ತಡಿ. ಸುಮಾರು 34,000 ಲೀಟರ್ ಗಾಳಿ. ನಿದ್ದೆಯಲ್ಲಿರುವ ದೊಡ್ಡವರೊಬ್ಬರು ಗಂಟೆಗೆ ಸುಮಾರು 12 ಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾರೆ. ಇಬ್ಬರು ಮಲಗಿದರೆ 24. ಕೋಣೆ ಪೂರ್ತಿ ಮುಚ್ಚಿದ್ದರೆ ಗಂಟೆಗೆ 700 ಪಿಪಿಎಂ ಏರುತ್ತದೆ. ರಾತ್ರಿ ಹತ್ತಕ್ಕೆ 450 ಇದ್ದದ್ದು ಬೆಳಿಗ್ಗೆ ಆರಕ್ಕೆ 6000 ದಾಟಬೇಕು. ಸಾಮಾನ್ಯವಾಗಿ ಅಷ್ಟು ಆಗುವುದಿಲ್ಲ, ಯಾಕೆಂದರೆ ಎಲ್ಲ ಕೋಣೆಯೂ ಸೋರುತ್ತದೆ. ಎಷ್ಟು ಸೋರುತ್ತದೆ ಎಂಬುದರಲ್ಲೇ ಮನೆಯಿಂದ ಮನೆಗೆ ವ್ಯತ್ಯಾಸ.

ನಮ್ಮ ಹಳೆ ಮನೆಗೆ ಮಂಗಳೂರು ಹೆಂಚು. ಹೆಂಚಿನ ಸಂದಿನಲ್ಲಿ ಗಾಳಿಯಾಡುತ್ತದೆ. ಅಲ್ಲಿ ಕಿಟಕಿ ಮುಚ್ಚಿ ಇಬ್ಬರು ಮಲಗಿದರೂ ಬೆಳಿಗ್ಗೆ 800 ದಾಟಿದ್ದು ನಾನು ಕಂಡಿಲ್ಲ. ಪಕ್ಕದಲ್ಲೇ ಕಟ್ಟಿದ ತಾರಸಿ ಕೋಣೆಗೆ ಗಾಜಿನ ಕಿಟಕಿ, ರಬ್ಬರ್ ಪಟ್ಟಿ. ಅಲ್ಲಿ ಅದೇ ಇಬ್ಬರು, ಅದೇ ಮಳೆ, ಬೆಳಿಗ್ಗೆ 2300. ಹೆಂಚಿನ ಮನೆಯಲ್ಲಿ ಚಳಿ ಅಂತ ಅಮ್ಮ ತಾರಸಿ ಕೋಣೆಗೆ ಬಂದು ಮಲಗಿದ್ದರು. ಬೆಳಿಗ್ಗೆ ಎದ್ದಾಗ ತಲೆ ಭಾರ ಅನ್ನುತ್ತಿದ್ದರು. ಅದಕ್ಕೆ ಗಾಳಿಯೊಂದೇ ಕಾರಣ ಅಂತ ನಾನು ಹೇಳಲಾರೆ. ಆದರೆ ಅಂಕಿ ನೋಡಿದ ಮೇಲೆ ಕಿಟಕಿ ಮುಚ್ಚಿಡಲು ನನಗೆ ಮನಸ್ಸು ಬರಲಿಲ್ಲ.

ಕೋಣೆಯ ಸೋರಿಕೆಯನ್ನು ಫೈಲಿನಿಂದಲೇ ಅಳೆಯಬಹುದು. ಬೆಳಿಗ್ಗೆ ಎಲ್ಲರೂ ಎದ್ದು ಹೊರಗೆ ಬನ್ನಿ, ಕೋಣೆ ಖಾಲಿ ಬಿಡಿ. ಅಂಕಿ ಇಳಿಯುತ್ತದೆ, ಮೊದಲು ಬೇಗ, ಆಮೇಲೆ ನಿಧಾನ. ಹೊರಗಿನದಕ್ಕಿಂತ ಜಾಸ್ತಿ ಇರುವ ಭಾಗವನ್ನು ಮಾತ್ರ ನೋಡಿ. 1500 ಇದ್ದರೆ ಹೊರಗಿನ 420 ಕಳೆದು 1080. ಅದು ನೂರಕ್ಕೆ 37ಕ್ಕೆ, ಅಂದರೆ ಸುಮಾರು 400ಕ್ಕೆ ಇಳಿಯಲು ಎಷ್ಟು ಹೊತ್ತು ಬೇಕಾಯಿತು? ಪರದೆಯ ಮೇಲೆ ಆಗ 820 ಇರುತ್ತದೆ. ಆ ಹೊತ್ತು ಇಪ್ಪತ್ತು ನಿಮಿಷವಾಗಿದ್ದರೆ ಕೋಣೆಯ ಗಾಳಿ ಗಂಟೆಗೆ ಮೂರು ಸಲ ಬದಲಾಗುತ್ತಿದೆ. ಒಂದು ಗಂಟೆಯಾಗಿದ್ದರೆ ಒಂದು ಸಲ. ಐದು ಸೆಕೆಂಡಿಗೊಂದು ಸಾಲು ಇರುವುದರಿಂದ ಆ ಕ್ಷಣ ಹುಡುಕುವುದು ಸುಲಭ. ಬಣ್ಣದ ಗ್ರಾಫಿನಲ್ಲಿ ಕಣ್ಣಂದಾಜಿಗೆ ಸಿಗದ್ದು ಇದು.

ಕೊನೆಗೆ ಒಂದು ಮಾತು, ಇದನ್ನು ದಯವಿಟ್ಟು ನೆನಪಿಡಿ. ಈ ಸೆನ್ಸರ್ ಕಾರ್ಬನ್ ಮೊನಾಕ್ಸೈಡ್ ಅಳೆಯುವುದಿಲ್ಲ. ಹೆಸರು ಹತ್ತಿರದ್ದು, ವಿಷಯ ಪೂರ್ತಿ ಬೇರೆ. ಚಳಿಗೆ ಅಂತ ಕೋಣೆಯೊಳಗೆ ಕೆಂಡ ಇಟ್ಟು ಬಾಗಿಲು ಹಾಕುವುದು, ಕಿಟಕಿಯಿಲ್ಲದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿಸುವುದು ಜೀವ ತೆಗೆಯುತ್ತವೆ. ಅಲ್ಲಿ ಕೊಲ್ಲುವುದು ಮೊನಾಕ್ಸೈಡ್. ವಾಸನೆ ಇಲ್ಲ, ಬಣ್ಣ ಇಲ್ಲ. ಪರದೆಯ ಮೇಲೆ ಅಂಕಿ ಕಡಿಮೆ ಇದೆ ಅಂತ ಧೈರ್ಯ ತಂದುಕೊಳ್ಳಬೇಡಿ. ಅದಕ್ಕೆ ಬೇರೆಯೇ ಅಲಾರಂ ಸಿಗುತ್ತದೆ, ಅದನ್ನು ಇಟ್ಟುಕೊಳ್ಳಿ, ಕೆಂಡ ಹೊರಗಿಡಿ.

ತಾರಸಿ ಕೋಣೆಗೆ ಎರಡು ಕಿಟಕಿ, ಒಂದು ಪಡುವಣಕ್ಕೆ, ಒಂದು ಮೂಡಣಕ್ಕೆ. ಮಳೆ ಗಾಳಿ ಪಡುವಣದಿಂದ ಬೀಸುತ್ತದೆ, ಆ ಕಿಟಕಿ ತೆರೆದರೆ ಹಾಸಿಗೆ ಒದ್ದೆ. ಮೂಡಣದ ಕಿಟಕಿಯನ್ನು ಮೊದಲ ರಾತ್ರಿ ಒಂದು ಬೆರಳಿನಷ್ಟು ತೆರೆದೆ, ಬೆಳಿಗ್ಗೆ 1600. ಎರಡನೇ ರಾತ್ರಿ ಎರಡು ಬೆರಳು, 1150. ನಾಲ್ಕು ಬೆರಳಿಗೆ 840 ಬಂತು. ಹಾಸಿಗೆ ಒಣಗಿಯೇ ಇತ್ತು. ಅಮ್ಮ ಒಂದು ಕಂಬಳಿ ಜಾಸ್ತಿ ಹೊದ್ದುಕೊಂಡರು. ಕಿಟಕಿಯ ಸಂದಿಗೆ ನಾಲ್ಕು ಬೆರಳಿನ ಅಳತೆಯ ಒಂದು ಮರದ ತುಂಡು ಕುಯ್ದು ಇಟ್ಟಿದ್ದೇವೆ, ಮಳೆಗಾಲ ಮುಗಿಯುವವರೆಗೆ ಅದು ಅಲ್ಲೇ ಇರುತ್ತದೆ.